ಇಂದಾಪುರದ ಸರಾಫ: ಸಣ್ಣ ಚಿನ್ನದಂಗಡಿಯ ಬದುಕು ಮತ್ತು ನಂಬಿಕೆ

ಭಾರತೀಯ ಕುಟುಂಬದಲ್ಲಿ ಚಿನ್ನವು ಕೇವಲ ಅಲಂಕಾರದ ವಸ್ತುವಲ್ಲ. ಅದು ಮಗಳ ಮದುವೆಯ ಸಿದ್ಧತೆ, ಬರಗಾಲದ ಆಸರೆ, ಹಿರಿಯರ ನೆನಪು. ಬ್ಯಾಂಕಿನ ಶಾಖೆ ತಲುಪುವುದಕ್ಕೆ ಬಹಳ ಮೊದಲೇ ಹಳ್ಳಿಯ ಉಳಿತಾಯವು ತಾಳಿ, ಪಾಟಲಿ, ಸರಗಳ ರೂಪದಲ್ಲಿ ಕೂಡಿಕೊಳ್ಳುತ್ತಿತ್ತು. ಈ ಉಳಿತಾಯದ ಕಾವಲುಗಾರನೆಂದರೆ ಸಣ್ಣ ಪಟ್ಟಣದ ಚಿನ್ನದ ವ್ಯಾಪಾರಿ, ಅಂದರೆ ಸರಾಫ. ಪುಣೆ ಜಿಲ್ಲೆಯ ಇಂದಾಪುರದಂತಹ ತಾಲೂಕು ಕೇಂದ್ರದಲ್ಲಿ ಆತನ ದಿನಚರಿ ಹೇಗಿರುತ್ತದೆ, ಆತನ ಒಡವೆಗಳ ಆಕಾರಗಳು ಎಲ್ಲಿಂದ ಬಂದವು, ಆತನ ಕಸುಬು ಇಂದು ಯಾವ ಕವಲಿನಲ್ಲಿ ನಿಂತಿದೆ ಎಂಬುದನ್ನು ತಿಳಿಯುವುದು ಪ್ರತಿಯೊಬ್ಬ ಗ್ರಾಹಕನಿಗೂ ಉಪಯುಕ್ತ.

ಊರು ಮತ್ತು ಅದರ ಪೇಟೆ

ಪುಣೆಯಿಂದ ಸೊಲ್ಲಾಪುರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 135 ಕಿಲೋಮೀಟರ್ ದೂರದಲ್ಲಿ ಇಂದಾಪುರವಿದೆ. ಇದೇ ಹೆದ್ದಾರಿ ಮುಂದೆ ಬೀದರ ಜಿಲ್ಲೆಯ ಹುಮನಾಬಾದಿನ ಮೂಲಕ ಹೈದರಾಬಾದಿಗೆ ಹೋಗುತ್ತದೆ. ತಾಲೂಕಿನ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರು ಇಲ್ಲಿಯ ಒಣಭೂಮಿಯ ಸ್ವರೂಪವನ್ನೇ ಬದಲಿಸಿತು. ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಕಬ್ಬು ಬಂದಿತು. ದಾಳಿಂಬೆ, ದ್ರಾಕ್ಷಿಗಳೂ ಬಂದವು. ಇದೇ ಭೀಮೆ ಕೆಳಗೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ತಣಿಸಿ ಕೃಷ್ಣೆಯನ್ನು ಸೇರುವುದರಿಂದ, ನದಿಯ ಮೇಲ್ದಂಡೆಯ ಹಾಗೂ ಕೆಳದಂಡೆಯ ಜನರ ಊಟ, ಉಡುಗೆ, ಒಡವೆಗಳಲ್ಲಿ ಸಾಮ್ಯ ಕಾಣುವುದು ಸಹಜ. ಇಂದಾಪುರದ ಬೋರಮಾಳವನ್ನು ಇಂಡಿ ಅಥವಾ ಅಫಜಲಪುರದ ಗೃಹಿಣಿ ಹೆಸರಿಡಿದು ಗುರುತಿಸಬಲ್ಲಳು.

ಇಂತಹ ಊರಿನಲ್ಲಿ ಚಿನ್ನದ ವ್ಯಾಪಾರ ಹೊಲದ ಲೆಕ್ಕವನ್ನೇ ಅನುಸರಿಸುತ್ತದೆ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರಿನಲ್ಲಿ ಆರಂಭವಾಗುತ್ತದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸುತ್ತದೆ. ಕಾರ್ಖಾನೆಯ ಹಣ ಕೈಸೇರಿದರೆ ತುಳಸಿ ವಿವಾಹದ ನಂತರದ ಮದುವೆಗಳಿಗೆ ಒಡವೆ ಕೊಳ್ಳುವವರು ಬರುತ್ತಾರೆ. ಹಣ ತಡವಾದರೆ ಸರಾಫನ ಪೆಟ್ಟಿಗೆಯೂ ಬರಿದಾಗುತ್ತದೆ. ಯುಗಾದಿಯ ಪಾಡ್ಯ, ಅಕ್ಷಯ ತೃತೀಯಾ, ದಸರಾ, ಧನತ್ರಯೋದಶಿಗಳು ವ್ಯಾಪಾರದ ದಿನಗಳು. ಆಷಾಢದಲ್ಲಿ ಸಂತ ತುಕಾರಾಮರ ಪಾಲಖಿ ದೇಹುವಿನಿಂದ ಪಂಢರಪುರಕ್ಕೆ ಸಾಗುವಾಗ ಇಂದಾಪುರದಲ್ಲಿ ತಂಗುತ್ತದೆ. ಆಗ ಊರೇ ವಾರಕರಿಗಳಿಂದ ತುಂಬಿ ತುಳುಕುತ್ತದೆ.

ಅಂಗಡಿಯ ದಿನಚರಿ

ಚಿನ್ನದಂಗಡಿಯ ದಿನ ಆರಂಭವಾಗುವುದು ಪೊರಕೆಯಿಂದ. ಆದರೆ ಗುಡಿಸಿದ ಕಸವನ್ನು ಬೀದಿಗೆ ಎಸೆಯುವುದಿಲ್ಲ. ಅರದಿಂದ ಉದುರಿದ ಕಣ್ಣಿಗೆ ಕಾಣದ ಚಿನ್ನದ ಪುಡಿ ಅದರಲ್ಲಿರುತ್ತದೆ. ಆ ಕಸವನ್ನು ಕೂಡಿಟ್ಟು ಮಾರುತ್ತಾರೆ. ಅದನ್ನು ತೊಳೆದು ಲೋಹವನ್ನು ಬೇರ್ಪಡಿಸುವವರಿಗೆ ಮರಾಠಿಯಲ್ಲಿ ಝಾರೇಕರಿ ಎಂದೂ ಹಳೆಯ ಕನ್ನಡದ ರೂಢಿಯಲ್ಲಿ ಜಲಗಾರರೆಂದೂ ಹೆಸರು. ಒಂದು ಕಣವೂ ವ್ಯರ್ಥವಾಗಬಾರದೆಂಬುದೇ ಈ ಕಸುಬಿನ ಮೊದಲ ಪಾಠ.

ಅನಂತರ ತಕ್ಕಡಿಯ ಪೂಜೆ. ಇಂದು ಅದರ ಸ್ಥಾನದಲ್ಲಿ ಗಾಳಿ ತಾಗದಂತೆ ಗಾಜಿನ ಗೂಡಿನಲ್ಲಿಟ್ಟ ವಿದ್ಯುನ್ಮಾನ ತಕ್ಕಡಿಯಿದೆ. ಹಿಂದೆ ಗುಲಗಂಜಿಯೇ ತೂಕದ ಕಲ್ಲು. 96 ಗುಂಜಿಗೆ ಒಂದು ತೊಲೆ. ಒಂದು ತೊಲೆ ಎಂದರೆ ಸುಮಾರು 11.66 ಗ್ರಾಂ. ಈಗ ಮಾತಿನಲ್ಲಿ ತೊಲೆ ಉಳಿದಿದ್ದರೂ ಪೇಟೆಯಲ್ಲಿ ಅದರ ಅರ್ಥ 10 ಗ್ರಾಂ. ಅಜ್ಜಿಯ ಕಾಲದ ‘ಐದು ತೊಲೆಯ ಸರ’ವೂ ಇಂದಿನ ‘ಐದು ತೊಲೆಯ ಸರ’ವೂ ಒಂದೇ ತೂಕದವಲ್ಲ ಎಂಬ ಸಂಗತಿ ಅನೇಕ ಮನೆಗಳ ವಾದಕ್ಕೆ ಕಾರಣವಾಗಿದೆ. ಸರಾಫನು ಇದನ್ನು ತಾಳ್ಮೆಯಿಂದ ವಿವರಿಸಬೇಕಾಗುತ್ತದೆ.

ಬೆಳಗ್ಗೆ ಪುಣೆ, ಮುಂಬಯಿಗಳ ಪೇಟೆಯ ದರ ತಿಳಿದ ಮೇಲೆಯೇ ವ್ಯವಹಾರ. ಅಂತರರಾಷ್ಟ್ರೀಯ ಬೆಲೆ, ಡಾಲರಿನೆದುರು ರೂಪಾಯಿಯ ಮೌಲ್ಯ, ಆಮದು ಸುಂಕ – ಈ ಮೂರೂ ಸೇರಿ ದರವನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಒಂದೂ ಸಣ್ಣ ವ್ಯಾಪಾರಿಯ ಕೈಯಲ್ಲಿಲ್ಲ. ಆತ ಮುಂಜಾನೆ 10 ಗ್ರಾಂ ಮಾರಿದರೆ ಅಷ್ಟೇ ಚಿನ್ನವನ್ನು ಬೇಗನೆ ಮರಳಿ ಕೊಳ್ಳಬೇಕು. ಅಷ್ಟರಲ್ಲಿ ದರ ಏರಿದರೆ ಲಾಭವೆಲ್ಲ ಕರಗುತ್ತದೆ. ಸುಗ್ಗಿಯ ವಾಯಿದೆಯ ಮೇಲೆ ಉದ್ದರಿ ಕೊಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು. 2000ದಲ್ಲಿ 10 ಗ್ರಾಂ ಚಿನ್ನದ ಬೆಲೆ ಸುಮಾರು 4,400 ರೂಪಾಯಿ ಇದ್ದಿತು. 2025ರಲ್ಲಿ ಅದು ಒಂದು ಲಕ್ಷವನ್ನು ದಾಟಿತು. ಬೆಲೆ ಏರಿದರೆ ಸರಾಫ ಸಿರಿವಂತನಾಗುತ್ತಾನೆಂಬುದು ಜನರ ಎಣಿಕೆ. ವಾಸ್ತವವಾಗಿ, ಅದೇ ಬಂಡವಾಳಕ್ಕೆ ಕಪಾಟಿನಲ್ಲಿಡುವ ಒಡವೆಗಳು ಕಡಮೆಯಾಗುತ್ತವೆ. ಎರಡು ತೊಲೆ ಕೊಳ್ಳಲು ಬಂದವರು ಒಂದಕ್ಕೇ ತೃಪ್ತರಾಗುತ್ತಾರೆ.

ದಿನದ ಬಹುಪಾಲು ದೊಡ್ಡ ವ್ಯಾಪಾರದಲ್ಲಿ ಕಳೆಯುವುದಿಲ್ಲ. ತುಂಡಾದ ಸರದ ಬೆಸುಗೆ, ಸಡಿಲಾದ ಕಾಲುಂಗುರ, ಕಪ್ಪಾದ ಬೆಳ್ಳಿ ಗೆಜ್ಜೆಯ ಹೊಳಪು, ಹಸುಗೂಸಿನ ಕಿವಿ ಚುಚ್ಚುವುದು – ಇಂತಹ ಕೆಲಸಗಳಿಂದ ದೊರೆಯುವ ಆದಾಯ ಅಲ್ಪ. ಆದರೆ ಇಂದು ಕಿವಿ ಚುಚ್ಚಿಸಿಕೊಂಡ ಮಗುವಿನ ಮದುವೆಯ ತಾಳಿ ಇಪ್ಪತ್ತೈದು ವರ್ಷಗಳ ನಂತರ ಅದೇ ಅಂಗಡಿಯಲ್ಲಿ ಆಗುತ್ತದೆಂಬ ಭರವಸೆಯೇ ಸಣ್ಣ ಸರಾಫನ ನಿಜವಾದ ಬಂಡವಾಳ.

ಒಡವೆಯ ಹಿಂದಿನ ಕೈಗಳು

ಅಂಗಡಿಯ ಮುಂಭಾಗದಲ್ಲಿ ಮಾರಾಟ ನಡೆದರೆ ಹಿಂಭಾಗದಲ್ಲಿ ಅಥವಾ ಓಣಿಯ ಒಳಗೆ ಅಕ್ಕಸಾಲಿಗನ ಕುಲುಮೆಯಿರುತ್ತದೆ. ಚೊಕ್ಕ ಚಿನ್ನವು 1,064 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಮೂಸೆಯಲ್ಲಿ ಅದಕ್ಕೆ ಬಿಳಿಗಾರ ಬೆರೆಸಿ ಕಲ್ಮಷವನ್ನು ಬೇರ್ಪಡಿಸುತ್ತಾರೆ. ಚೊಕ್ಕ ಚಿನ್ನ ಬಹಳ ಮೆದುವಾದುದರಿಂದ ತಾಮ್ರ, ಬೆಳ್ಳಿಗಳನ್ನು ಸೇರಿಸುವುದು ಅನಿವಾರ್ಯ. ಹೀಗೆ ಸಿದ್ಧವಾದ ಗಟ್ಟಿಯನ್ನು ಬಡಿದು ತಗಡು ಮಾಡುತ್ತಾರೆ. ಉಕ್ಕಿನ ಪಟ್ಟಿಯ ರಂಧ್ರಗಳಲ್ಲಿ ಎಳೆದು ತಂತಿ ಮಾಡುತ್ತಾರೆ.

ಈ ಕೈಗಳು ಒಂದೇ ಊರಿನವಲ್ಲ. ಮಹಾರಾಷ್ಟ್ರದ ಅನೇಕ ಪಟ್ಟಣಗಳಲ್ಲಿ ಪರಂಪರೆಯ ಸೋನಾರ ಕುಟುಂಬಗಳ ಜೊತೆಗೆ ಪಶ್ಚಿಮ ಬಂಗಾಳದ ಕುಶಲಕರ್ಮಿಗಳೂ ದುಡಿಯುತ್ತಾರೆ. ಹಳೆಯ ಚಿನ್ನವನ್ನು ಕರಗಿಸಿ ಶುದ್ಧಗೊಳಿಸುವ ‘ಗಲಾಯಿ’ ಕೆಲಸದಲ್ಲಿ ಸಾಂಗಲಿ ಜಿಲ್ಲೆಯ ವಿಟಾ, ಆಟಪಾಡಿ ಪ್ರದೇಶದವರು ಹೆಸರಾಗಿದ್ದು, ಕರ್ನಾಟಕವೂ ಸೇರಿದಂತೆ ದೇಶದ ಅನೇಕ ನಗರಗಳಲ್ಲಿ ನೆಲೆಸಿದ್ದಾರೆ. ಬರಪೀಡಿತ ನೆಲ ಅವರನ್ನು ಹೊರಗೆ ಕಳುಹಿಸಿತು; ಕಸುಬು ಅವರನ್ನು ಕಾಪಾಡಿತು.

ಸ್ಫೂರ್ತಿಯ ಸೆಲೆಗಳು

ಈ ಭಾಗದ ಒಡವೆಗಳ ವಿನ್ಯಾಸಕಾರನೆಂದರೆ ಹೊಲ ಮತ್ತು ದೇಗುಲ. ಬೋರೆ ಹಣ್ಣಿನ ಆಕಾರದ ಗುಂಡುಗಳಿಂದ ಬೋರಮಾಳವಾಯಿತು. ಜೋಳದ ಕಾಳಿನಂತಹ ಮಣಿಗಳನ್ನು ಪೋಣಿಸಿದ್ದಕ್ಕೆ ಜೋಂಧಳಿ ಪೋತ ಎಂದು ಹೆಸರು. ನಾಣ್ಯದಂತಹ ಬಿಲ್ಲೆಗಳಿಂದ ಪುತಳಿ ಸರವಾಯಿತು. ಕೊಲ್ಹಾಪುರಿ ಸಾಜಿನ 21 ಪದಕಗಳಲ್ಲಿ ಹತ್ತು ದಶಾವತಾರಗಳನ್ನೂ ಎಂಟು ಅಷ್ಟಮಂಗಲಗಳನ್ನೂ ಸೂಚಿಸುತ್ತವೆ ಎಂಬುದು ಸಂಪ್ರದಾಯದ ವಿವರಣೆ. ಉಳಿದವುಗಳಲ್ಲಿ ಮಾಣಿಕ್ಯ, ಪಚ್ಚೆಗಳಿಗೆ ಸ್ಥಾನವಿದೆ. ಮುತ್ತಿನ ನತ್ತು ಪೇಶ್ವೆಯರ ಕಾಲದ ಪುಣೆಯನ್ನು ನೆನಪಿಸುತ್ತದೆ. ನೀರಾವರಿ ಬಂದು ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದರೂ ಕೊರಳಿನ ಮೇಲೆ ಜೋಳದ ಕಾಳು ಉಳಿದಿದೆ.

ಕಸುಬಿನ ನೈತಿಕ ಸ್ಫೂರ್ತಿಗಾಗಿ ಇಲ್ಲಿಯ ಸೋನಾರರು ಪಂಢರಪುರದ ಸಂತ ನರಹರಿ ಸೋನಾರರನ್ನು ಸ್ಮರಿಸುತ್ತಾರೆ. ಅವರು ಶಿವನಲ್ಲದೆ ಅನ್ಯ ದೈವವನ್ನು ನೋಡಲೊಲ್ಲದ ಭಕ್ತರು. ವಿಠ್ಠಲನಿಗೆ ಚಿನ್ನದ ಉಡಿದಾರ ಮಾಡಿಕೊಡುವಂತೆ ಸಾಹುಕಾರನೊಬ್ಬ ಕೇಳಿದಾಗ ಅವರು ಗುಡಿಗೆ ಹೋಗದೆ ಅಳತೆ ತರಿಸಿಕೊಂಡು ಮಾಡಿದರು. ಅದು ಒಮ್ಮೆ ಬಿಗಿಯಾಯಿತು, ಒಮ್ಮೆ ಸಡಿಲಾಯಿತು. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಳತೆ ತೆಗೆಯಲು ಹೋದಾಗ ಕೈಗೆ ತಾಗಿದ್ದು ಶಿವನ ಕುರುಹು. ಬಟ್ಟೆ ಬಿಚ್ಚಿ ನೋಡಿದರೆ ನಿಂತಿದ್ದವನು ವಿಠ್ಠಲ. ಹರಿಹರರಲ್ಲಿ ಭೇದವಿಲ್ಲವೆಂಬುದು ಕಥೆಯ ತಿರುಳು. ಆದರೆ ಅಳತೆಯನ್ನು ತಾನೇ ತೆಗೆಯಬೇಕು, ಕಣ್ತೆರೆದು ತೆಗೆಯಬೇಕು ಎಂಬುದು ಅಕ್ಕಸಾಲಿಗನು ಅದರಿಂದ ಪಡೆಯಬಹುದಾದ ಪಾಠ.

ಕಾಯಿದೆಯ ಏಳುಬೀಳು

ಸ್ವತಂತ್ರ ಭಾರತದಲ್ಲಿ ಈ ಕಸುಬಿಗೆ ಬಿದ್ದ ದೊಡ್ಡ ಪೆಟ್ಟು 1963ರ ಚಿನ್ನ ನಿಯಂತ್ರಣ. ಚೀನಾ ಯುದ್ಧದ ನಂತರ ವಿದೇಶಿ ವಿನಿಮಯವನ್ನು ಉಳಿಸುವ ಉದ್ದೇಶದಿಂದ 14 ಕ್ಯಾರಟ್‌ಗಿಂತ ಹೆಚ್ಚು ಶುದ್ಧತೆಯ ಒಡವೆ ತಯಾರಿಕೆಯನ್ನು ನಿಷೇಧಿಸಲಾಯಿತು. ಸಹಸ್ರಾರು ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1966ರಲ್ಲಿ ಆ ಮಿತಿ ಸಡಿಲಗೊಂಡರೂ 1968ರ ಚಿನ್ನ ನಿಯಂತ್ರಣ ಕಾಯಿದೆಯ ಪ್ರಕಾರ ಅಕ್ಕಸಾಲಿಗನು ನಿಗದಿತ ಮಿತಿಗಿಂತ ಹೆಚ್ಚು ಚಿನ್ನವನ್ನು ಇಟ್ಟುಕೊಳ್ಳುವಂತಿರಲಿಲ್ಲ. 1990ರಲ್ಲಿ ಈ ಕಾಯಿದೆ ರದ್ದಾಯಿತು. ಹಿಡಿತ ಹೋದ ಮೇಲೆ ಉಳಿದ ಪ್ರಶ್ನೆ ಶುದ್ಧತೆಯದು.

ಭಾರತೀಯ ಮಾನಕ ಸಂಸ್ಥೆ 2000ದಲ್ಲಿ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಪದ್ಧತಿಯನ್ನು ಆರಂಭಿಸಿತು. ಅದು ಮೊದಲು ಐಚ್ಛಿಕವಾಗಿತ್ತು. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಅದನ್ನು ಕಡ್ಡಾಯಗೊಳಿಸಲಾಯಿತು. ಅನಂತರ ಇನ್ನಷ್ಟು ಜಿಲ್ಲೆಗಳಿಗೆ ವಿಸ್ತರಿಸಲಾಯಿತು. 2023ರ ಏಪ್ರಿಲ್ 1ರಿಂದ ಕಡ್ಡಾಯ ಹಾಲ್‌ಮಾರ್ಕಿಗೆ ಒಳಪಟ್ಟ ಒಡವೆಗಳ ಮೇಲೆ ಆರು ಅಕ್ಷರ–ಅಂಕಿಗಳ ವಿಶಿಷ್ಟ ಗುರುತುಸಂಖ್ಯೆ ಇರಲೇಬೇಕು.

ಒಂದು ಲೆಕ್ಕ

ಇದರ ಮಹತ್ತ್ವ ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ರೈತ ಕುಟುಂಬವೊಂದು ‘22 ಕ್ಯಾರಟ್’ ಎಂಬ ಮಾತನ್ನು ನಂಬಿ 20 ಗ್ರಾಂ ತೂಕದ ಪಾಟಲಿ ಕೊಂಡಿತೆಂದು ಭಾವಿಸೋಣ. 22 ಕ್ಯಾರಟ್ ಎಂದರೆ ಸಾವಿರದಲ್ಲಿ 916 ಭಾಗ ಚಿನ್ನ, ಅಂದರೆ 18.32 ಗ್ರಾಂ ಚೊಕ್ಕ ಚಿನ್ನವಿರಬೇಕು. ಮಗನ ಶಿಕ್ಷಣಕ್ಕಾಗಿ ಮಾರಲು ಹೋದಾಗ ಅದು 18 ಕ್ಯಾರಟ್ ಎಂದು ತಿಳಿದರೆ ಇರುವುದು 15 ಗ್ರಾಂ ಮಾತ್ರ. ಒಂದೇ ಒಡವೆಯಲ್ಲಿ ಮೂರು ಗ್ರಾಂಗೂ ಹೆಚ್ಚು ಚೊಕ್ಕ ಚಿನ್ನದ ನಷ್ಟ. ಇಂದಿನ ದರದಲ್ಲಿ ಅದು ಕೂಲಿಕಾರನ ಕೆಲವು ತಿಂಗಳ ದುಡಿಮೆಗೆ ಸಮ. ಒರೆಗಲ್ಲಿನ ಮೇಲೆ ಗೆರೆ ಎಳೆದು ಆಮ್ಲ ಹಾಕಿ ನೋಡುವ ಹಳೆಯ ವಿಧಾನ ಅನುಭವಿಯ ಕಣ್ಣಿಗೆ ಸುಳಿವು ಕೊಡುತ್ತದೆ. ನಿಖರ ಪ್ರಮಾಣವನ್ನು ಕ್ಷ-ಕಿರಣ ಯಂತ್ರ ಹಾಗೂ ಅಗ್ನಿಪರೀಕ್ಷೆಯ ವಿಧಾನಗಳೇ ತಿಳಿಸಬೇಕು.

ಹಾಲ್‌ಮಾರ್ಕ್ ಬಂದ ಮೇಲೆ ಸಣ್ಣ ಸರಾಫನಿಗೆ ಖರ್ಚು, ಓಡಾಟಗಳು ಹೆಚ್ಚಿದವು. ಒಡವೆಗಳನ್ನು ಪರೀಕ್ಷಾ ಕೇಂದ್ರಕ್ಕೆ ಒಯ್ದು ತರಬೇಕು, ದಾಖಲೆ ಇಡಬೇಕು. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಅಂಗಡಿಗಳಿಗೆ ಕಡ್ಡಾಯದಿಂದ ವಿನಾಯಿತಿ ನೀಡಲಾಯಿತಾದರೂ ಚಿನ್ನದ ಬೆಲೆ ಏರಿದಂತೆ ಸಣ್ಣ ಅಂಗಡಿಯೂ ಆ ಗಡಿಯನ್ನು ಸುಲಭವಾಗಿ ದಾಟುತ್ತದೆ. ಮತ್ತೊಂದು ದೃಷ್ಟಿಯಿಂದ ನೋಡಿದರೆ ಇದರಿಂದ ಆತನಿಗೆ ಪ್ರಯೋಜನವೂ ಇದೆ. ಮಹಾನಗರದ ದೀಪಾಲಂಕೃತ ಮಳಿಗೆಯ ಸರಕ್ಕೂ ಇಂದಾಪುರದ ಓಣಿಯ ಸರಕ್ಕೂ ಈಗ ಒಂದೇ ಮುದ್ರೆ, ಒಂದೇ ಪ್ರಮಾಣ.

ಅಕ್ಕಸಾಲಿಗನ ನಾಳೆ

ನಿಜವಾದ ಆತಂಕವಿರುವುದು ಕುಲುಮೆಯ ಮುಂದೆ ಕುಳಿತವನದು. ಅಚ್ಚಿನಲ್ಲಿ ಎರಕ ಹೊಯ್ದು ಯಂತ್ರದಿಂದ ತಯಾರಾದ ಹಗುರ ಒಡವೆಗಳು ನಗರದಿಂದ ಬರುತ್ತಿರುವಾಗ ಕೈಕೆಲಸದವನಿಗೆ ಉಳಿಯುವುದು ಹೆಚ್ಚಾಗಿ ದುರಸ್ತಿಯೇ. ಹೊಗೆ, ಶಾಖ, ಆಮ್ಲದ ಆವಿಗಳ ನಡುವೆ ಕಣ್ಣು ಸವೆಸುವ ಈ ಕೆಲಸಕ್ಕೆ ಮಕ್ಕಳು ಬರಲೊಲ್ಲರು. ಆತ ಹೋದರೆ ಜೋಂಧಳಿ ಮಣಿಯ ಹದವೂ ಅವನೊಂದಿಗೆ ಹೋಗುತ್ತದೆ.

ಈ ಕುಶಲಕರ್ಮಿಗಳಿಗೆ ನೆರವಾಗಲು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗ ವೃತ್ತಿಯನ್ನೂ ಸೇರಿಸಲಾಯಿತು. ತರಬೇತಿ, ಉಪಕರಣಗಳಿಗಾಗಿ 15,000 ರೂಪಾಯಿಯವರೆಗಿನ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅನಂತರ ಎರಡು ಲಕ್ಷ ರೂಪಾಯಿವರೆಗೆ ಜಾಮೀನುರಹಿತ ಸಾಲ ಅದರಲ್ಲಿ ಅಡಕವಾದವು. ಸಾಲ ಉಪಕರಣವನ್ನು ತರಬಲ್ಲದು. ಕೆಲಸವನ್ನು ತರಬೇಕಾದವರು ಗ್ರಾಹಕರು.

ಗ್ರಾಹಕರು ಗಮನಿಸಬೇಕಾದುದು

ಒಡವೆ ಕೊಳ್ಳುವಾಗ ಮೂರು ಗುರುತುಗಳನ್ನು ಮಸೂರದಿಂದ ನೋಡಬೇಕು: ಮಾನಕ ಸಂಸ್ಥೆಯ ಲಾಂಛನ, ಶುದ್ಧತೆಯ ಸಂಖ್ಯೆ (22 ಕ್ಯಾರಟ್‌ಗೆ 916, 18 ಕ್ಯಾರಟ್‌ಗೆ 750), ಹಾಗೂ ಆರು ಅಕ್ಷರ–ಅಂಕಿಗಳ ಗುರುತುಸಂಖ್ಯೆ. ಆ ಸಂಖ್ಯೆಯನ್ನು ಸಂಸ್ಥೆಯ ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ರಶೀದಿಯಲ್ಲಿ ಚಿನ್ನದ ತೂಕ, ದರ, ಮಜೂರಿ, ತೆರಿಗೆಗಳನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಹರಳಿನ ತೂಕವನ್ನು ಚಿನ್ನದ ತೂಕದಲ್ಲಿ ಸೇರಿಸಗೊಡಬಾರದು. ಹಾಲ್‌ಮಾರ್ಕ್ ಒಡವೆಯ ಶುದ್ಧತೆ ಕಡಮೆಯೆಂದು ಪರೀಕ್ಷೆಯಲ್ಲಿ ಕಂಡುಬಂದರೆ, 2018ರ ನಿಯಮಗಳ ಪ್ರಕಾರ ಕೊರತೆಯ ಮೊತ್ತದ ಎರಡರಷ್ಟು ಪರಿಹಾರ ಹಾಗೂ ಪರೀಕ್ಷಾ ಶುಲ್ಕವನ್ನು ಪಡೆಯುವ ಹಕ್ಕು ಗ್ರಾಹಕನಿಗಿದೆ.

ರಶೀದಿ ಕೇಳುವುದು ಸರಾಫನ ಮೇಲಿನ ಅವಿಶ್ವಾಸದ ಸೂಚನೆಯಲ್ಲ. ಪ್ರಾಮಾಣಿಕ ವ್ಯಾಪಾರಿಗೆ ಅದು ರಕ್ಷಣೆ. ಅಪ್ರಾಮಾಣಿಕನಿಗೆ ಅದು ಲಗಾಮು. ತೂಕವೂ ಶುದ್ಧತೆಯೂ ಕಾಗದದ ಮೇಲೆ ನಿಂತಾಗ, ತಲೆಮಾರುಗಳಿಂದ ಬರಿಯ ಮಾತಿನ ಮೇಲೆ ನಡೆದುಬಂದ ಸಣ್ಣ ಅಂಗಡಿಯ ನಂಬಿಕೆಗೆ ಗಟ್ಟಿಯಾದ ಆಧಾರ ದೊರೆಯುತ್ತದೆ. ಹೊಲದಲ್ಲಿ ಸುರಿದ ಬೆವರು ಒಡವೆಯಾಗಿ ಮನೆ ಸೇರುವಾಗ ಅದರ ಒಂದು ಗುಂಜಿಯೂ ದಾರಿಯಲ್ಲಿ ಕಳೆದುಹೋಗಬಾರದು.