ಗೋಡೆಯೊಳಗೆ ಟಿಕ್ ಟಿಕ್

ಹತ್ತು ವರ್ಷದ ಲೂಯಿಸ್ ದಡೂತಿ ಹುಡುಗ, ಪುಕ್ಕಲ, ಆಟಕ್ಕೆ ಯಾರಿಗೂ ಬೇಡದವನು. ಅಪಘಾತದಲ್ಲಿ ಅಪ್ಪ-ಅಮ್ಮನನ್ನು ಕಳೆದುಕೊಂಡು ಅವನು ಬಂದು ಸೇರುವುದು ಮಂತ್ರವಾದಿ ಅಂಕಲ್ ಜೊನಾಥನ್‌ನ ಬಂಗಲೆಗೆ. ಅಲ್ಲಿ ಗೋಡೆಯೊಳಗೆಲ್ಲೋ ಗಡಿಯಾರವೊಂದು ಮಿಡಿಯುತ್ತಿದೆ. ಲೋಕವನ್ನೇ ಮುಗಿಸಲೆಂದು ದುಷ್ಟನೊಬ್ಬ ಅಡಗಿಸಿಟ್ಟದ್ದು ಅದು.

ಅಮೆರಿಕದ ಜಾನ್ ಬೆಲ್ಲೇರ್ಸ್ 1973ರಲ್ಲಿ ಪ್ರಕಟಿಸಿದ ಈ ಕಾದಂಬರಿಗೆ ಚಿತ್ರ ಬರೆದವರು ಎಡ್ವರ್ಡ್ ಗೋರಿ. ಅವರ ಕಪ್ಪು ಗೀರುಗಳೇ ಅರ್ಧ ಹೆದರಿಸುತ್ತವೆ! ಕಥೆಯ ನ್ಯೂ ಜೆಬೆಡೀ ಪಟ್ಟಣ ಬೆಲ್ಲೇರ್ಸ್ 1938ರಲ್ಲಿ ಹುಟ್ಟಿದ ಮಿಷಿಗನ್‌ನ ಮಾರ್ಷಲ್ ಊರೇ. ಬಂಗಲೆಗೆ ಪ್ರೇರಣೆಯಾದ ಕ್ರೋನಿನ್ ಮನೆ ಇಂದಿಗೂ ಅಲ್ಲಿದೆ. ಅಭಿಮಾನಿಗಳು ಹುಡುಕಿಕೊಂಡು ಹೋಗುತ್ತಾರೆ.

ಬೆಲ್ಲೇರ್ಸ್ ಅವರ ಹೆಚ್ಚುಗಾರಿಕೆ ದೆವ್ವಗಳಲ್ಲಿಲ್ಲ. ಕೈತಪ್ಪುತ್ತಿರುವ ಗೆಳೆಯನೊಬ್ಬನನ್ನು ಮೆಚ್ಚಿಸಲು ಲೂಯಿಸ್ ಸ್ಮಶಾನಕ್ಕೆ ಹೋಗಿ ಸತ್ತವರನ್ನು ಎಬ್ಬಿಸುತ್ತಾನೆ. ಗೆಳೆಯ ಉಳಿಯುವುದಿಲ್ಲ, ಎದ್ದ ಹೆಣ ಮಾತ್ರ ಬೆನ್ನು ಬಿಡುವುದಿಲ್ಲ. ಒಂಟಿತನವನ್ನು ಇಷ್ಟು ನೇರವಾಗಿ ಮಕ್ಕಳ ಮುಂದಿಟ್ಟವರು ವಿರಳ. ನಡುನಡುವೆ ನೇರಳೆ ಬಣ್ಣದ ಹುಚ್ಚಿರುವ ಪಕ್ಕದ್ಮನೆ ಮಾಟಗಾತಿ ಮಿಸೆಸ್ ಜಿಮ್ಮರ್‌ಮನ್ ಮತ್ತು ಜೊನಾಥನ್ ಪರಸ್ಪರ ಬೈದಾಡಿಕೊಳ್ಳುತ್ತ ನಗಿಸುತ್ತಾರೆ.

1991ರಲ್ಲಿ, 53ನೇ ವಯಸ್ಸಿನಲ್ಲಿ ಬೆಲ್ಲೇರ್ಸ್ ತೀರಿಕೊಂಡರು. ಅರ್ಧಕ್ಕೆ ನಿಂತ ಕಥೆಗಳನ್ನು ಬ್ರಾಡ್ ಸ್ಟ್ರಿಕ್‌ಲ್ಯಾಂಡ್ ಪೂರ್ಣಗೊಳಿಸಿ, ಲೂಯಿಸ್‌ನ ಕಥಾಸರಣಿಯನ್ನೂ ಮುಂದುವರಿಸಿದರು. 2018ರಲ್ಲಿ ಜ್ಯಾಕ್ ಬ್ಲ್ಯಾಕ್, ಕೇಟ್ ಬ್ಲ್ಯಾಂಚೆಟ್ ನಟಿಸಿದ, ಇದೇ ಕಾದಂಬರಿ ಆಧರಿಸಿದ ಸಿನಿಮಾ ಬಂತು. ಅದರ ಗ್ರಾಫಿಕ್ಸ್ ಅಬ್ಬರಕ್ಕಿಂತ ಗೋರಿಯ ಒಂದು ಪುಟವೇ ಹೆಚ್ಚು ನಡುಕ ಹುಟ್ಟಿಸುತ್ತದೆ.