ಅಭಿಮಾನಕ್ಕೂ ಒಂದು ಆಚಾರವುಂಟು

ಮೈಸೂರಿನ ಕುವೆಂಪುನಗರದಲ್ಲಿ ಬೀದಿಗಳ ಹೆಸರುಗಳೇ ಪಾಠ ಹೇಳುತ್ತವೆ. ಅಲ್ಲೊಂದು ಪಂಚಮಂತ್ರ ರಸ್ತೆ, ಮತ್ತೊಂದು ಅನಿಕೇತನ ರಸ್ತೆ. ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ ಎಂಬ ಐದು ಮಂತ್ರಗಳನ್ನು ನಾಡಿಗಿತ್ತ ರಾಷ್ಟ್ರಕವಿಯ ಹೆಸರನ್ನು ಹೊತ್ತ ಬಡಾವಣೆಯಿದು. ಭಾರತ ತಂಡವು ಪಂದ್ಯವಾಡಿದ ಮರುದಿನ ಬೆಳಗ್ಗೆ ಈ ರಸ್ತೆಗಳಲ್ಲಿ ನಡೆದುಹೋದರೆ ಕಿವಿಗೆ ಬೀಳುವ ಮಾತು ಮಾತ್ರ ಒಂದೇ, ಅದು ಕ್ರಿಕೆಟ್. ಉದ್ಯಾನದ ಕಲ್ಲುಬೆಂಚಿನ ಮೇಲೆ ನಿವೃತ್ತ ಹಿರಿಯರು, ಹಾಲಿನ ಬೂತಿನ ಮುಂದೆ ಗೃಹಸ್ಥರು, ಬಸ್ಸಿಗೆ ಕಾದು ನಿಂತ ವಿದ್ಯಾರ್ಥಿಗಳು, ಎಲ್ಲರದೂ ಅದೇ ಚರ್ಚೆ. ಯಾರನ್ನು ಆಡಿಸಬೇಕಾಗಿತ್ತು, ಯಾರನ್ನು ಕೈಬಿಡಬೇಕಾಗಿತ್ತು, ನಾಯಕನು ಎಲ್ಲಿ ಎಡವಿದನು ಎಂಬ ತೀರ್ಪುಗಳು ಕಾಫಿ ಆರುವ ಮೊದಲೇ ಹೊರಬೀಳುತ್ತವೆ.

ಶಿವಪಥದಲ್ಲಿ ನಡೆಯಬಯಸುವ ಸದ್ಭಕ್ತರಿಗೆ ಈ ಆಟದ ಗೊಡವೆ ಏಕೆಂದು ಕೆಲವರು ನಮ್ಮನ್ನು ಕೇಳುವುದುಂಟು. ಆಟವು ದೋಷವಲ್ಲ, ಅದನ್ನು ನೋಡಿ ನಲಿಯುವುದೂ ದೋಷವಲ್ಲವೆಂಬುದು ನಮ್ಮ ಅಭಿಪ್ರಾಯ. ವಿಚಾರಿಸಬೇಕಾದುದು ನೋಡುವವರ ನಡೆ ಮತ್ತು ನುಡಿಯನ್ನು. ಆಡುವವನಿಗೆ ಹೇಗೆ ನಿಯಮಗಳುಂಟೋ ಹಾಗೆ ಅಭಿಮಾನಿಗೂ ಒಂದು ಆಚಾರವುಂಟು. ಅದನ್ನು ಮರೆತಾಗ ಆಟಗಾರನ ವರ್ಷಗಳ ದುಡಿಮೆಯೂ ಮಣ್ಣುಪಾಲಾಗುತ್ತದೆ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ನಮ್ಮ ಊರಿನ ಮಗನೊಬ್ಬನ ಬಾಳಿನಲ್ಲಿಯೇ ಅದು ದೊರೆಯುತ್ತದೆ.

ಜಾವಗಲ್ ಶ್ರೀನಾಥ್ ಅವರು ಮೈಸೂರಿನಲ್ಲಿ 1969ರಲ್ಲಿ ಜನಿಸಿದವರು. ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಅನಂತರ ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ನಡೆಸುತ್ತಿದ್ದ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದವರು. ಆ ಕಾಲೇಜು ಕುವೆಂಪುನಗರದಿಂದ ಬಹುದೂರವಿಲ್ಲ. ವೇಗದ ಬೌಲರುಗಳು ವಿರಳವಾಗಿದ್ದ ದೇಶದಲ್ಲಿ ಅವರು ಟೆಸ್ಟ್ ಪಂದ್ಯಗಳಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್‌ಗಳನ್ನು ಗಳಿಸಿದರು. ನಿರ್ಜೀವ ಅಂಕಣಗಳ ಮೇಲೆ, ಸುಡುಬಿಸಿಲಿನಲ್ಲಿ, ನೋಯುವ ಭುಜದೊಡನೆ ಮಾಡಿದ ದುಡಿಮೆಯಿದು. ಕಾಯಕವೆಂದರೆ ನೇಗಿಲು, ಮಗ್ಗ, ಕುಲುಮೆ ಮಾತ್ರವಲ್ಲ. ಶ್ರದ್ಧೆಯಿಂದ ಮಾಡಿದ ಯಾವ ಸತ್ಯಶುದ್ಧ ದುಡಿಮೆಗೂ ಆ ಹೆಸರು ಒಪ್ಪುತ್ತದೆ.

1999ರ ಆರಂಭದಲ್ಲಿ ಪಾಕಿಸ್ತಾನ ತಂಡವು ಭಾರತಕ್ಕೆ ಬಂದಿತ್ತು. ಮೂರೇ ವಾರಗಳ ಅವಧಿಯಲ್ಲಿ ಮೂರು ನಗರಗಳಲ್ಲಿ ನಡೆದ ಮೂರು ಟೆಸ್ಟ್ ಪಂದ್ಯಗಳು ಅಭಿಮಾನದ ಮೂರು ಮುಖಗಳನ್ನು ತೋರಿಸಿಕೊಟ್ಟವು.

ಮೊದಲನೆಯದು ಚೆನ್ನೈ. ಗೆಲುವಿಗೆ 271 ರನ್ ಬೇಕಾಗಿದ್ದ ಭಾರತಕ್ಕೆ ಸಚಿನ್ ತೆಂಡೂಲ್ಕರ್ 136 ರನ್ ಗಳಿಸಿಕೊಟ್ಟು, ದಡ ಇನ್ನು 17 ರನ್ ದೂರವಿರುವಾಗ ಔಟಾದರು. ಜನವರಿ 31ರಂದು ಭಾರತವು ಕೇವಲ 12 ರನ್‌ಗಳಿಂದ ಸೋತಿತು. ಕ್ರೀಡಾಂಗಣವು ಒಂದು ಕ್ಷಣ ಮೌನವಾಯಿತು. ಬಳಿಕ ಜನರು ಎದ್ದು ನಿಂತು, ಮೈದಾನವನ್ನು ಸುತ್ತುತ್ತಿದ್ದ ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ತಮ್ಮ ದುಃಖವನ್ನು ನುಂಗಿಕೊಂಡು ಪರರ ಗುಣವನ್ನು ಗೌರವಿಸಿದ ಆ ಜನತೆಯ ನಡೆಯನ್ನು ಕ್ರೀಡಾಲೋಕವು ಇಂದಿಗೂ ಕೊಂಡಾಡುತ್ತದೆ.

ಎರಡನೆಯದು ದೆಹಲಿ. ಫೆಬ್ರವರಿ 7ರಂದು ಕೋಟ್ಲಾ ಮೈದಾನದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಅವರು 74 ರನ್‌ಗಳಿಗೆ ಹತ್ತೂ ವಿಕೆಟ್‌ಗಳನ್ನು ಪಡೆದರು. ಅದಕ್ಕೆ ಮೊದಲು ಟೆಸ್ಟ್ ಚರಿತ್ರೆಯಲ್ಲಿ ಇದನ್ನು ಸಾಧಿಸಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಹತ್ತು ವಿಕೆಟ್‌ಗಳ ಕಥೆಯನ್ನು ಎಲ್ಲರೂ ಬಲ್ಲರು. ಒಂಬತ್ತು ವಿಕೆಟ್‌ಗಳು ಕುಂಬ್ಳೆಯವರ ಪಾಲಾದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದವರು ಶ್ರೀನಾಥ್ ಎಂಬುದನ್ನು ನೆನೆಯುವವರು ಕಡಿಮೆ. ಕೊನೆಯ ವಿಕೆಟ್ ತಮಗೆ ಬಾರದಿರಲೆಂದು ಅವರು ಚೆಂಡನ್ನು ಬೇಕೆಂದೇ ವಿಕೆಟ್‌ನಿಂದ ದೂರಕ್ಕೆ ಎಸೆದರು. ಜೀವನವಿಡೀ ವಿಕೆಟ್‌ಗಾಗಿ ಬೆವರು ಸುರಿಸಿದವನು ಗೆಳೆಯನಿಗಾಗಿ ಆ ವಿಕೆಟ್ಟನ್ನು ಬಿಟ್ಟುಕೊಡುವುದು ಸಾಮಾನ್ಯವೇ? ತಾನು ಹಿಂದೆ ಸರಿದು ಇನ್ನೊಬ್ಬರ ಸಂತೋಷದಲ್ಲಿ ತೃಪ್ತಿ ಕಾಣುವ ಗುಣವನ್ನೇ ಅಲ್ಲವೆ ನಮ್ಮವರು ದಾಸೋಹಭಾವವೆಂದು ಕರೆದದ್ದು?

ಮೂರನೆಯದು ಕೋಲ್ಕತ್ತ. ದೆಹಲಿಯ ಪಂದ್ಯ ಮುಗಿದ ಒಂಬತ್ತೇ ದಿನಗಳಲ್ಲಿ, ಫೆಬ್ರವರಿ 16ರಂದು ಈಡನ್ ಗಾರ್ಡನ್‌ನಲ್ಲಿ ಏಷ್ಯನ್ ಟೆಸ್ಟ್ ಚಾಂಪಿಯನ್‌ಷಿಪ್ ಪಂದ್ಯ ಆರಂಭವಾಯಿತು. ಶ್ರೀನಾಥ್ ಮೊದಲ ಸರದಿಯಲ್ಲಿ 46 ರನ್‌ಗಳಿಗೆ 5, ಎರಡನೆಯ ಸರದಿಯಲ್ಲಿ 86 ರನ್‌ಗಳಿಗೆ 8 ವಿಕೆಟ್ ಪಡೆದರು. ಅವರ ಟೆಸ್ಟ್ ಜೀವನದ ಅತ್ಯುತ್ತಮ ಸಾಧನೆಯದು. ಆದರೆ ತೆಂಡೂಲ್ಕರ್ ಅವರು ಎದುರಾಳಿ ಶೋಯೆಬ್ ಅಖ್ತರ್‌ಗೆ ಡಿಕ್ಕಿಯಾಗಿ ರನ್‌ಔಟ್ ಆದಾಗ ಜನರ ಸಹನೆ ಕಟ್ಟೆಯೊಡೆಯಿತು. ಮೈದಾನಕ್ಕೆ ವಸ್ತುಗಳನ್ನು ಎಸೆದರು, ಆಟ ನಿಂತಿತು. ಸ್ವತಃ ತೆಂಡೂಲ್ಕರ್ ಬಂದು ಬೇಡಿಕೊಂಡ ಮೇಲೆ ಅಂದು ಆಟ ಮುಂದುವರಿಯಿತಾದರೂ ಮರುದಿನ ಗಲಭೆ ಮರುಕಳಿಸಿತು. ಕೊನೆಗೆ ಪೊಲೀಸರು ಪ್ರೇಕ್ಷಕರನ್ನೆಲ್ಲ ಹೊರಗೆ ಕಳುಹಿಸಿದರು. ಬರಿದಾದ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದು, ಭಾರತ 46 ರನ್‌ಗಳಿಂದ ಸೋತಿತು. ಒಂದೇ ಪಂದ್ಯದಲ್ಲಿ 13 ವಿಕೆಟ್ ಪಡೆದ ಮೈಸೂರಿನ ಮಗನಿಗೆ ಆ ಸಂಜೆ ಚಪ್ಪಾಳೆ ತಟ್ಟಲು ಅಲ್ಲಿ ಜನರೇ ಇರಲಿಲ್ಲ. ಎದುರಾಳಿಯ ಮೇಲೆಂದು ಎಸೆದ ಕಲ್ಲು ನಮ್ಮವನ ಕಾಯಕದ ಮೇಲೆಯೇ ಬಿದ್ದಿತು.

ಅಭಿಮಾನವೆಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ಪ್ರೀತಿ ತುಂಬಿದ ಗೌರವ. ಇನ್ನೊಂದು ನಾನು, ನನ್ನದು ಎಂಬ ಅಹಂಕಾರ. ಚೆನ್ನೈಯಲ್ಲಿ ಕಂಡದ್ದು ಮೊದಲನೆಯದು, ಕೋಲ್ಕತ್ತದಲ್ಲಿ ಕೆರಳಿದ್ದು ಎರಡನೆಯದು. ಇವೆರಡನ್ನು ಬೇರ್ಪಡಿಸುವುದು ಆಚಾರ. ನಮ್ಮ ಪಂಚಾಚಾರಗಳಲ್ಲಿ ಗಣಾಚಾರವನ್ನು ಕೆಲವರು ನಮ್ಮವರ ಪರವಾಗಿ ಕಾದಾಡುವುದೆಂದಷ್ಟೇ ತಿಳಿದಿದ್ದಾರೆ. ಅಧರ್ಮವನ್ನು ಸಹಿಸದಿರುವುದು ಅದರ ತಿರುಳು. ಅಧರ್ಮವು ನಮ್ಮ ಪಾಳೆಯದಲ್ಲಿದ್ದರೂ ಸಹಿಸಬಾರದು. ಅದರ ಜೊತೆಯಲ್ಲಿಯೇ ಭೃತ್ಯಾಚಾರವನ್ನು ಇಟ್ಟಿರುವುದು ವಿನಯವಿಲ್ಲದ ಛಲವು ಕ್ರೌರ್ಯವಾಗುತ್ತದೆಂಬ ಎಚ್ಚರದಿಂದಲೇ ಇರಬೇಕು.

ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರು ಈ ಧರ್ಮವನ್ನು ಮೈದಾನದಲ್ಲಿಯೇ ನಡೆದು ತೋರಿಸಿದರು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ಎದುರಿನ ಸುವರ್ಣ ಮಹೋತ್ಸವ ಟೆಸ್ಟ್‌ಗೆ ಅವರು ಭಾರತದ ನಾಯಕರು. ಇಂಗ್ಲೆಂಡ್ 58 ರನ್‌ಗಳಿಗೆ 5 ವಿಕೆಟ್ ಕಳೆದುಕೊಂಡಿತ್ತು. ಆಗ ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪು ಕೊಟ್ಟರೂ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಕೂಡಿ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ವರ್ಷದ ಎಷ್ಟೋ ಗೆಲುವುಗಳು ಮರೆತುಹೋಗಿವೆ, ಈ ಸೋಲು ಮಾತ್ರ ಉಳಿದಿದೆ. ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದುತಂದ ಅಕ್ಕಿಯನ್ನು ಮರಳಿ ಸುರಿದುಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ತಿಳಿದ ನಮಗೆ ಇದರ ಮರ್ಮ ಹೊಸದೇನಲ್ಲ. ತನಗೆ ಸಲ್ಲದುದು ಕೈಗೆ ಬಂದರೂ ಅದನ್ನು ಹಿಂದಿರುಗಿಸುವುದೇ ಶುದ್ಧಿ.

ಇನ್ನು ನುಡಿಯ ವಿಚಾರ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಸಮ್ಮುಖದಲ್ಲಿ ತೀಕ್ಷ್ಣವಾದ ಚರ್ಚೆಗಳು ನಡೆದವು. ಅಲ್ಲಿ ಯಾರ ಮಾತಿಗೂ ಪರೀಕ್ಷೆ ತಪ್ಪುತ್ತಿರಲಿಲ್ಲ. ಆದರೆ ಪರೀಕ್ಷೆಯ ಗುರಿ ಸತ್ಯವಾಗಿತ್ತೇ ಹೊರತು ವ್ಯಕ್ತಿಯ ಅವಮಾನವಲ್ಲ. ನಮ್ಮ ಉದ್ಯಾನಗಳ ಕ್ರಿಕೆಟ್ ಚರ್ಚೆಯೂ ಹೀಗೇಕಾಗಬಾರದು? ಮಂಗಳೂರು ಕಡೆಯಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ಅಕ್ಟೋಬರ್ 8ರಂದು, ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಪಂದ್ಯದಲ್ಲಿ, ತಂಡವು ಎರಡೇ ರನ್‌ಗಳಿಗೆ ಮೂರು ವಿಕೆಟ್ ಕಳೆದುಕೊಂಡಾಗ ನಿಂತು ಅಜೇಯ 97 ರನ್ ಗಳಿಸಿ ಆಸ್ಟ್ರೇಲಿಯಾವನ್ನು ಸೋಲಿಸಲು ನೆರವಾದರು. ಅಂದು ಅವರ ತಾಳ್ಮೆಯನ್ನು ಹೊಗಳಿದೆವು. ನವೆಂಬರ್ 19ರ ಅಂತಿಮ ಪಂದ್ಯದಲ್ಲಿ ಅದೇ ಆಸ್ಟ್ರೇಲಿಯಾ ಎದುರು 107 ಎಸೆತಗಳಲ್ಲಿ 66 ರನ್ ಗಳಿಸಿ, ತಂಡ ಸೋತಾಗ ಅದೇ ತಾಳ್ಮೆಯನ್ನು ಅಪರಾಧವೆಂದರು. ನಿಧಾನವಾಯಿತೇ ಎಂದು ಕೇಳುವುದು ವಿಮರ್ಶೆ. ಆಟಗಾರನ ಹುಟ್ಟು, ಹೆಂಡತಿ, ಮನೆಯವರನ್ನು ಎಳೆತಂದು ಹೀಯಾಳಿಸುವುದು ನಿಂದೆ. ಮೊದಲನೆಯದು ಬುದ್ಧಿಯ ಕೆಲಸ, ಎರಡನೆಯದು ನಾಲಗೆಯ ರೋಗ.

ಸ್ತುತಿನಿಂದೆಗಳು ಎಷ್ಟು ಬೇಗ ಸ್ಥಾನ ಬದಲಿಸುತ್ತವೆ ಎಂಬುದಕ್ಕೆ ರಾಹುಲ್ ದ್ರಾವಿಡ್ ಅವರ ಬಾಳೂ ಸಾಕ್ಷಿ. 2007ರಲ್ಲಿ ವೆಸ್ಟ್ ಇಂಡೀಸ್‌ನ ವಿಶ್ವಕಪ್ಪಿನಲ್ಲಿ ಅವರ ನಾಯಕತ್ವದ ತಂಡವು ಬಾಂಗ್ಲಾದೇಶ ಮತ್ತು ಶ್ರೀಲಂಕಾಗಳಿಗೆ ಸೋತು ಮೊದಲ ಹಂತದಲ್ಲಿಯೇ ಹೊರಬಿದ್ದಿತು. ಆಟಗಾರರ ಪ್ರತಿಕೃತಿಗಳು ಬೀದಿಗಳಲ್ಲಿ ಉರಿದವು. ರಾಂಚಿಯಲ್ಲಿ ಕಟ್ಟಲಾಗುತ್ತಿದ್ದ ಧೋನಿಯವರ ಮನೆಯ ಮೇಲೆ ದಾಳಿಯಾಯಿತು. ಹದಿನೇಳು ವರ್ಷಗಳ ತರುವಾಯ, 2024ರ ಜೂನ್ 29ರಂದು, ಅದೇ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ ಭಾರತವು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಮಣಿಸಿ ಟಿ-20 ವಿಶ್ವಕಪ್ ಗೆದ್ದಾಗ ತಂಡದ ತರಬೇತುದಾರರು ದ್ರಾವಿಡ್ ಅವರೇ. ಈ ನಡುವೆ ಬದಲಾದದ್ದು ಫಲಿತಾಂಶ. ಆ ಮನುಷ್ಯನ ಶ್ರದ್ಧೆಯಲ್ಲ.

ಮೈಸೂರಿನ ಜನತೆಗೆ ಈ ವಿವೇಕ ಅಪರಿಚಿತವೇನಲ್ಲ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬಯಿ ತಂಡಗಳ ರಣಜಿ ಅಂತಿಮ ಪಂದ್ಯ ನಡೆಯಿತು. 338 ರನ್‌ಗಳ ಗುರಿಯ ಬೆನ್ನು ಹತ್ತಿದ ಕರ್ನಾಟಕವು ಬರೇ 6 ರನ್‌ಗಳಿಂದ ಸೋತಿತು. ಈ ಊರಿನವರು ಅದನ್ನು ಇಂದಿಗೂ ನೆನೆಯುವುದು ಸೋಲಿನ ಕಹಿಯಿಂದಲ್ಲ, ಮನೀಷ್ ಪಾಂಡೆ ಗಳಿಸಿದ 144 ರನ್‌ಗಳ ಸವಿಯಿಂದ.

ಇಷ್ಟನ್ನು ಹೇಳಬೇಕಾಗಿ ಬಂದುದಕ್ಕೆ ಕಾರಣ ಗಂಭೀರವಾದುದು. 2025ರ ಜೂನ್ 3ರಂದು ಬೆಂಗಳೂರಿನ ತಂಡವು ಐಪಿಎಲ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ಉಂಟಾದ ಕಾಲ್ತುಳಿತದಲ್ಲಿ 11 ಜನರು ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಎಳೆಯ ವಯಸ್ಸಿನವರು. ಸಂಭ್ರಮಿಸಲು ಹೋದ ಆ ಮಕ್ಕಳನ್ನು ದೂಷಿಸುವುದು ನಿರ್ದಯತೆ. ವ್ಯವಸ್ಥೆಯ ಲೋಪಗಳನ್ನು ವಿಚಾರಿಸುವ ಹೊಣೆ ಬೇರೆಯವರದು. ಆದರೆ ತಂದೆತಾಯಿಗಳಾದವರ ಹೊಣೆಯೊಂದಿದೆ. ಆಟಗಾರನನ್ನು ಹತ್ತಿರದಿಂದ ಕಾಣುವುದೇ ಜೀವನದ ಧನ್ಯತೆಯಲ್ಲ, ಅವನು ನಮ್ಮಂತೆಯೇ ದುಡಿಯುವ ಒಬ್ಬ ಕಾಯಕಜೀವಿ ಎಂಬ ತಿಳಿವನ್ನು ಮಕ್ಕಳಿಗೆ ಕೊಡಬೇಕು. ಅವನನ್ನು ದೇವರಾಗಿಸಿದ ಮನಸ್ಸೇ ನಾಳೆ ಅವನ ಪ್ರತಿಕೃತಿಯನ್ನು ಸುಡುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಪಡೆದವರಿಗೆ ಬೇರೊಂದು ಆರಾಧ್ಯಮೂರ್ತಿಯ ಅಗತ್ಯವಿಲ್ಲ.

ಆದ್ದರಿಂದ ನಮ್ಮ ಮನೆಗಳಲ್ಲಿ ಕೆಲವು ಚಿಕ್ಕ ನೇಮಗಳಿರಲಿ. ಪಂದ್ಯವನ್ನು ಮನೆಮಂದಿಯೆಲ್ಲ ಕೂಡಿ ನೋಡಿರಿ. ಪೂಜೆ ಮತ್ತು ಪಾಠದ ವೇಳೆಯನ್ನು ಅದಕ್ಕೆ ಬಲಿಕೊಡದಿರಿ. ಆಟ ಮುಗಿದ ಮೇಲೆ ಎದುರು ತಂಡದಲ್ಲಿ ಚೆನ್ನಾಗಿ ಆಡಿದವರು ಯಾರೆಂದು ಮಕ್ಕಳನ್ನು ಮೊದಲು ಕೇಳಿರಿ. ಸೋತವನನ್ನು ಹಳಿಯುವ ಮಾತು ಬಂದಾಗ ಹಿರಿಯರು ಮೌನವಾಗಿರದೆ ತಿದ್ದಿರಿ. ಈ ಚರ್ಚೆಯಲ್ಲಿ ಹೆಣ್ಣುಮಕ್ಕಳಿಗೂ ಸಮನಾದ ಪೀಠವಿರಲಿ. ಅಕ್ಕಮಹಾದೇವಿಯ ಮಾತಿಗೆ ಮಂಟಪವೇ ಕಿವಿಗೊಟ್ಟ ಪರಂಪರೆ ನಮ್ಮದು. 1976ರಲ್ಲಿ ಭಾರತದ ಮಹಿಳಾ ತಂಡವನ್ನು ಮೊದಲ ಟೆಸ್ಟ್ ಗೆಲುವಿಗೆ ಮುನ್ನಡೆಸಿದ ಶಾಂತಾ ರಂಗಸ್ವಾಮಿ ಕರ್ನಾಟಕದವರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ತಂದವರು ನಮ್ಮ ಹೆಣ್ಣುಮಕ್ಕಳೇ.

ಗೆಲುವು ಆಡಿದವರ ಪುಣ್ಯಕ್ಕೆ ಸೇರಿದ್ದು. ಸೋಲನ್ನೂ ಗೆಲುವನ್ನೂ ಸಮಚಿತ್ತದಿಂದ ಸ್ವೀಕರಿಸಿ, ದುಡಿದವನ ದುಡಿಮೆಗೆ ಶರಣೆನ್ನುವುದು ನೋಡಿದವರ ಪುಣ್ಯ. ಆ ಪುಣ್ಯವು ನಮ್ಮ ಮನೆಮನೆಗಳ ಪಾಲಿಗೆ ಬರಲೆಂದು ಹಾರೈಸುತ್ತೇವೆ.