ಜಾತ್ರೆಗೆ ಎತ್ತು ಕೊಂಡೊಯ್ಯುವ ಪಿಕಪ್ ಗಾಡಿಯನ್ನು ಅಣಿಗೊಳಿಸುವ ಬಗೆ

ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ನಮ್ಮ ಜವಳಗಿರಿ, ತಳಿ, ಡೆಂಕಣಿಕೋಟೆ ಕಡೆಯ ರೈತರ ಮಾತೆಲ್ಲ ದನಗಳ ಜಾತ್ರೆಯ ಕಡೆಗೆ ತಿರುಗುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆ ಹಳ್ಳಿಕಾರ್ ಎತ್ತು ಹೋರಿಗಳಿಗೆ ಹೆಸರಾದದ್ದು. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಮುಂಚೆಯೇ, ಡಿಸೆಂಬರ್ ಜನವರಿಯ ಚಳಿಯಲ್ಲಿ ಅದು ಕೂಡುತ್ತದೆ. ಹಿಂದಿನವರು ಎತ್ತುಗಳನ್ನು ಹಗಲು ನಡೆಸಿ, ರಾತ್ರಿ ಗುಂಡುತೋಪುಗಳಲ್ಲಿ ತಂಗುತ್ತ ಜಾತ್ರೆಗಳಿಗೆ ಹೋಗುತ್ತಿದ್ದರು. ಈಗ ಪಿಕಪ್ ಗಾಡಿ ಬಂದಿದೆ. ನೂರು ಕಿಲೋಮೀಟರಿಗೂ ಮೀರಿದ ಈ ದಾರಿ ಒಂದೇ ಹಗಲಿನದಾಗಿದೆ.

ಆದರೆ ನಡೆದು ಹೋಗುವ ಎತ್ತಿಗೆ ಕಾಲ ಕೆಳಗಿನ ನೆಲ ನಿಂತಿರುತ್ತದೆ. ಗಾಡಿ ಏರಿದ ಎತ್ತಿಗೆ ಆ ನೆಲವೇ ಓಡುತ್ತದೆ. ವರ್ಷಗಟ್ಟಲೆ ಹುರುಳಿ ಬೂಸಾ ಇಟ್ಟು ಸಾಕಿದ ಜೊತೆಯಲ್ಲಿ ಒಂದು ಜಾರಿಬಿದ್ದು ತೊಡೆ ಮುರಿದುಕೊಂಡರೆ ಇನ್ನೊಂದಕ್ಕೂ ಬೆಲೆ ಇಳಿಯುತ್ತದೆ. ಕಾಗದಪತ್ರ ಸರಿಯಿಲ್ಲದೆ ಗಾಡಿ ಗಡಿಯಲ್ಲಿ ನಿಂತರೆ ಎತ್ತುಗಳು ಬಿಸಿಲಿನಲ್ಲಿ ಬಾಯಾರಿ ನಿಲ್ಲಬೇಕಾಗುತ್ತದೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬಂತೆ ಆಗಬಾರದಾದರೆ, ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಗಾಡಿಯನ್ನು ಅಣಿಗೊಳಿಸಲು ತೊಡಗಬೇಕು.

ಗಾಡಿಯ ಅಳತೆ

ಗಾಡಿ ಎಷ್ಟು ಎತ್ತು ಹೊರಬಲ್ಲದೆಂಬುದನ್ನು ಮೊದಲು ಲೆಕ್ಕ ಹಾಕಬೇಕು. ೨೦೧೬ರ ಜನವರಿ ೧ರಿಂದ ನಡೆಯುತ್ತಿರುವ ಮೋಟಾರು ವಾಹನ ನಿಯಮದಂತೆ ಒಂದೊಂದು ದನಕ್ಕೂ ೨ ಚದರ ಮೀಟರು, ಎಂದರೆ ಸುಮಾರು ೨೧½ ಚದರ ಅಡಿ ಜಾಗವಿರಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಭದ್ರವಾದ ತಡೆ ಇರಬೇಕು. ಗಾಡಿಯ ತೊಟ್ಟಿ ೯ ಅಡಿ ಉದ್ದ, ೫½ ಅಡಿ ಅಗಲವಿದ್ದರೆ ಒಟ್ಟು ೪೯½ ಚದರ ಅಡಿ. ಎರಡು ಎತ್ತಿಗೆ ೪೩ ಅಡಿ ಸಾಕು, ಮೂರಕ್ಕೆ ೬೪½ ಬೇಕು. ಆದ್ದರಿಂದ ಪಿಕಪ್ಪಿಗೆ ಒಂದು ಜೊತೆ ಮಾತ್ರ. ‘ಇನ್ನೊಂದು ಕರು ತಾನೆ’ ಎಂದು ತುರುಕುವುದು ಸಲ್ಲದು. ತಡೆ ಕೂರಿಸಿದ ಇಂಥ ಗಾಡಿಗೆ ಸಾರಿಗೆ ಕಚೇರಿಯ ವಿಶೇಷ ಪರವಾನಗಿಯನ್ನೂ ಇದೇ ನಿಯಮ ಹೇಳಿದೆ. ಬಾಡಿಗೆ ಗೊತ್ತು ಮಾಡುವಾಗಲೇ ಅದನ್ನು ವಿಚಾರಿಸಿಕೊಳ್ಳಬೇಕು.

ಇನ್ನು ತೂಕ. ಚೆನ್ನಾಗಿ ಮೇಯಿಸಿದ ದೊಡ್ಡ ಎತ್ತು ನಾನೂರು ಐನೂರು ಕಿಲೋ ತೂಗುತ್ತದೆ. ಜೊತೆಯ ತೂಕ ಒಂದು ಟನ್ನಿನ ಹತ್ತಿರ. ಮುಕ್ಕಾಲು ಟನ್ನು ಹೊರುವ ಸಣ್ಣ ಗಾಡಿಯನ್ನು ಬಾಡಿಗೆ ಅಗ್ಗವೆಂದು ಹಿಡಿಯಬಾರದು. ಮೂಟೆಯಾದರೆ ಹಾಕಿದಲ್ಲಿ ಬಿದ್ದಿರುತ್ತದೆ. ಎತ್ತು ಹಾಗಲ್ಲ, ತಿರುವಿನಲ್ಲಿ ಮೈಯೆಲ್ಲ ಒಂದು ಪಕ್ಕಕ್ಕೆ ವಾಲಿಸುತ್ತದೆ, ಅದರ ಭಾರವೂ ಎತ್ತರದಲ್ಲಿರುತ್ತದೆ. ಸಣ್ಣ ಗಾಡಿ ಮಗುಚುವುದು ಹೀಗೆಯೇ.

ದನದ ಜೊತೆಯಲ್ಲಿ ಬೇರೆ ಸರಕು ಹೇರಬಾರದೆಂದು ೧೯೭೮ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ. ಚಪ್ಪರದ ಗಳು, ಪಾತ್ರೆ, ಹುಲ್ಲಿನ ಹೊರೆಗಳನ್ನು ಎತ್ತಿನ ಕಾಲಬಳಿ ತುಂಬುವ ರೂಢಿಯನ್ನು ಬಿಡಬೇಕು. ಮೂರು ನಾಲ್ಕು ಮನೆಯವರು ಕೂಡಿ ಸಾಮಾನಿಗೆಂದೇ ಒಂದು ಗಾಡಿ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ದಾರಿಯಲ್ಲಿ ಒಂದು ಗಾಡಿ ಕೆಟ್ಟರೆ ಇನ್ನೊಂದರ ಆಸರೆಯೂ ಇರುತ್ತದೆ.

ನೆಲ ಮತ್ತು ಪಕ್ಕಗಳು

ತೊಟ್ಟಿಯ ತಗಡಿನ ನೆಲವೇ ಎತ್ತಿಗೆ ಮೊದಲ ಶತ್ರು. ಲಾಳ ಹೊಡೆಸಿದ ಎತ್ತಿಗಂತೂ ಕಬ್ಬಿಣದ ಮೇಲೆ ಕಬ್ಬಿಣ, ಮೇಲೆ ಗಂಜಲ; ಕಾಲು ನಿಲ್ಲುವುದೆಂತು? ಬರೀ ಹುಲ್ಲು ಹಾಸಿದರೆ ನೆನೆದು ಇನ್ನಷ್ಟು ಜಾರುತ್ತದೆ. ಮೊದಲು ಮರದ ಹಲಗೆ ಜೋಡಿಸಿ, ಅದರ ಮೇಲೆ ಗೊರಸು ಆತುಕೊಳ್ಳುವಂತೆ ಅಡ್ಡಡ್ಡಲಾಗಿ ತೆಳು ಪಟ್ಟಿಗಳನ್ನು ಬಡಿಯಬೇಕು. ಮೊಳೆಯ ತಲೆ ಎಲ್ಲಿಯೂ ಎದ್ದಿರಬಾರದು. ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ನಾಲ್ಕು ಮೂಲೆಗೂ ಬಿಗಿದು, ಒಂದು ಪದರ ಒಣ ಮರಳು ಹರಡಿ, ಕೊನೆಗೆ ರಾಗಿ ಹುಲ್ಲು ಹಾಸಬೇಕು.

ಪಕ್ಕದ ತಗಡು ಎತ್ತಿನ ಹೊಟ್ಟೆಯ ಮಟ್ಟಕ್ಕೇ ನಿಂತಿದ್ದರೆ, ಎತ್ತು ಹೆದರಿ ಮುಂಗಾಲು ಹೊರಗೆ ಚಾಚೀತು. ಕೊಳವೆಯ ಇಲ್ಲವೆ ಮರದ ಚೌಕಟ್ಟು ಕಟ್ಟಿ ಹೆಗಲಿಗಿಂತ ಮೇಲಕ್ಕೆ ಎತ್ತರಿಸಬೇಕು. ನಡುವಿನ ತಡೆಗೂ ಎರಡು ಪಕ್ಕಕ್ಕೂ ಹುಲ್ಲು ತುಂಬಿದ ಗೋಣಿಚೀಲಗಳನ್ನು ಹೊಲಿದು ಕಟ್ಟಿದರೆ ಮೈ ಉಜ್ಜಿ ಗಾಯವಾಗುವುದಿಲ್ಲ. ಹಿಂಬಾಗಿಲಿನ ಕೊಂಡಿಗಳ ಜೊತೆಗೆ ಎರಡು ಕಡೆಯೂ ಸರಪಳಿ ಹಾಕಿ ಬಿಗಿಯಬೇಕು. ಎತ್ತಿನ ಹಿಂಭಾರವೆಲ್ಲ ಏರಿನಲ್ಲಿ ಅಲ್ಲಿಗೇ ಬೀಳುತ್ತದೆ.

ಚಳಿಗಾಳಿಗೆ ಟಾರ್ಪಾಲನ್ನು ಮುಂಭಾಗಕ್ಕೂ ಎರಡು ಪಕ್ಕಕ್ಕೂ ಕಟ್ಟಿದರೆ ಸಾಕು. ಹಿಂಭಾಗ ತೆರೆದಿರಬೇಕು. ನಾಲ್ಕು ಕಡೆಯೂ ಮುಚ್ಚಿದರೆ ಗಂಜಲದ ಗಾಟೂ ಹೊಗೆಯೂ ಒಳಗೆ ತುಂಬಿ ಎತ್ತು ಏದುಸಿರು ಬಿಡುತ್ತದೆ. ಬೆನ್ನಿಗೆ ಗೋಣಿತಾಟು ಹೊದಿಸಿ, ಗಾಳಿಗೆ ಹಾರದಂತೆ ಹೊಟ್ಟೆಯ ಕೆಳಗೆ ಸಡಿಲವಾಗಿ ಕಟ್ಟಿರಿ.

ಯಂತ್ರದ ಪರೀಕ್ಷೆ

ಒಂದು ವಾರ ಮುಂಚೆ ಗಾಡಿಯನ್ನು ಮೆಕ್ಯಾನಿಕ್ಕಿಗೆ ತೋರಿಸುವುದು ಅವಶ್ಯ. ಬ್ರೇಕನ್ನು ಬರಿಗಾಡಿಯಲ್ಲಿ ಮಾತ್ರವಲ್ಲ, ಭಾರ ಹೇರಿಯೂ ಪರೀಕ್ಷಿಸಬೇಕು. ಹಿಂದಿನ ಕಮಾನು ಪಟ್ಟಿಗಳಲ್ಲಿ ಬಿರುಕಿದೆಯೇ ನೋಡಬೇಕು. ಟೈರಿನ ಗಾಳಿಯನ್ನು ಗಾಡಿ ಓಡುವ ಮೊದಲು, ತಣ್ಣಗಿರುವಾಗ, ಭಾರಕ್ಕೆಂದು ಕಂಪೆನಿಯವರು ಸೂಚಿಸಿದಷ್ಟು ತುಂಬಿಸಬೇಕು. ಲಡಾಖಿನಂಥ ಹಿಮದ ನಾಡಿನಲ್ಲಿ ಚಳಿಗೆ ಡೀಸೆಲ್ಲೇ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಆ ಭಯವಿಲ್ಲ. ಆದರೆ ಹಳೆಯ ಬ್ಯಾಟರಿ ಚಳಿಯ ಬೆಳಗ್ಗೆ ಕೈಕೊಡುವುದುಂಟು. ದೀಪಗಳೆಲ್ಲ ಉರಿಯಬೇಕು, ಹಿಂದೆ ಕೆಂಪು ಹೊಳಪು ಪಟ್ಟಿ ಇರಬೇಕು. ದೇವನಹಳ್ಳಿಯ ಸುತ್ತ ಮುಂಜಾನೆಯ ಮಂಜು ದಟ್ಟವಾಗಿ ಕವಿಯುತ್ತದೆ.

ಟೈರು ಬದಲಿಸುವಾಗ ಎತ್ತುಗಳು ಮೇಲಿರುವಂತೆಯೇ ಜಾಕಿ ಏರಿಸಬಾರದು. ಎತ್ತು ಒಂದು ಹೆಜ್ಜೆ ಸರಿದರೂ ಜಾಕಿ ಓರೆಯಾಗುತ್ತದೆ. ಅವನ್ನು ಇಳಿಸಿ ಮರಕ್ಕೆ ಕಟ್ಟಿ, ಜಾಕಿಯ ಕೆಳಗೆ ಹಲಗೆಯಿಟ್ಟು ಕೆಲಸ ಮಾಡತಕ್ಕದ್ದು. ಇಳಿಸಲು ಅನುಕೂಲವಾಗುವಂತೆ ಏಣಿಹಲಗೆಯೊಂದು ಸಾಮಾನಿನ ಗಾಡಿಯಲ್ಲಿರಲಿ.

ಕಾಗದಪತ್ರ

ಗಡಿನಾಡಿನವರಾದ ನಾವು ಈ ವಿಷಯಕ್ಕೆ ಹೆಚ್ಚು ಲಕ್ಷ್ಯ ಕೊಡಬೇಕು. ಕರ್ನಾಟಕದ ೨೦೨೦ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯಂತೆ ಕೊಲ್ಲುವುದಕ್ಕಾಗಿ ದನ ಸಾಗಿಸುವುದು ಅಪರಾಧ. ನಿಯಮದಂತೆ, ಬೇಸಾಯಕ್ಕಾಗಿ ಸಾಗಿಸುವುದು ಅಪರಾಧವಲ್ಲ. ಆದರೆ ತಮಿಳುನಾಡಿನ ನಂಬರಿನ ಗಾಡಿಯಲ್ಲಿ ಎರಡು ಎತ್ತು ಕಂಡಾಗ, ಅವು ಜಾತ್ರೆಗೆ ಹೊರಟವೆಂದು ತಡೆದವರಿಗೆ ತಿಳಿಯುವುದು ನಮ್ಮ ಕೈಯಲ್ಲಿರುವ ಕಾಗದದಿಂದಲೇ.

ಎತ್ತು ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗವಿಲ್ಲ ಎಂದು ಪಶುವೈದ್ಯರು ಬರೆದುಕೊಟ್ಟ ಪತ್ರ ೧೯೭೮ರ ನಿಯಮದಂತೆ ಇರಲೇಬೇಕು. ಕಳುಹಿಸುವವರ ಮತ್ತು ಪಡೆಯುವವರ ಹೆಸರು, ವಿಳಾಸ, ಫೋನ್ ನಂಬರು, ದನಗಳ ಎಣಿಕೆ, ಮೇವಿನ ಪ್ರಮಾಣ ಇವನ್ನು ಕೆಂಪು ಅಕ್ಷರಗಳಲ್ಲಿ ಬರೆದ ಚೀಟಿಯೂ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಗಾಡಿಯಲ್ಲಿರಬೇಕೆಂದು ಅದೇ ನಿಯಮ ಹೇಳುತ್ತದೆ. ನಮ್ಮ ಕಡೆಯ ಕಚೇರಿಯ ಕಾಗದಗಳು ತಮಿಳಿನಲ್ಲಿರುತ್ತವೆ. ಅತ್ತಿಬೆಲೆ ದಾಟಿದ ಮೇಲೆ ಅವನ್ನು ಓದಬಲ್ಲವರು ಎಲ್ಲ ಕಡೆಯೂ ಸಿಕ್ಕುವುದಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿಯೂ ಬರೆದುಕೊಡಿರೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಜೊತೆಗೆ ಒಡೆಯನ ಹೆಸರು, ಊರು, ಎತ್ತಿನ ಬಣ್ಣ, ಕೊಂಬಿನ ಗುರುತು, ಕಿವಿಯೋಲೆಯ ೧೨ ಅಂಕಿ, ಹೋಗುವ ಜಾತ್ರೆ ಇಷ್ಟನ್ನೂ ಕನ್ನಡದಲ್ಲಿ ಬರೆದ ಹಾಳೆಯೊಂದಿರಲಿ. ಮನೆಯಲ್ಲಿ ಕನ್ನಡ ಬರೆಯಬಲ್ಲ ಮಕ್ಕಳಿದ್ದರೆ ಅವರ ಕೈಯಲ್ಲೇ ಬರೆಸಿರಿ. ಗಾಡಿಯ ನೋಂದಣಿ, ವಿಮೆ, ಅರ್ಹತಾ ಪತ್ರ, ಹೊಗೆ ಪರೀಕ್ಷೆಯ ಚೀಟಿ ಇವು ಚಾಲಕನ ಬಳಿ ಇವೆಯೇ, ಪರವಾನಗಿ ಗಡಿಯಾಚೆಗೂ ನಡೆಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಕಾಲುಬಾಯಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಮೂರು ವಾರ ಮುಂಚೆಯೇ ಹಾಕಿಸಿರಬೇಕು. ಲಸಿಕೆಯ ಬಲ ಮೈಗೂಡಲು ಅಷ್ಟು ದಿನ ಬೇಕು. ೨೦೨೨ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕರ್ನಾಟಕದಲ್ಲಿ ದನದ ಜಾತ್ರೆಗೂ ಸಾಗಾಟಕ್ಕೂ ತಡೆ ಬಿದ್ದಿತ್ತು. ಆದ್ದರಿಂದ ಈ ವರ್ಷ ಜಾತ್ರೆಗೆ ಅಡ್ಡಿಯಿಲ್ಲವೇ, ಬೇರೆ ಯಾವ ಪತ್ರ ಬೇಕು ಎಂಬುದನ್ನು ದೊಡ್ಡಬಳ್ಳಾಪುರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿಯೇ ಹೊರಡುವುದು ಒಳಿತು.

ಎತ್ತುಗಳನ್ನು ಒಗ್ಗಿಸುವುದು

ಗಾಡಿ ಸಿದ್ಧವಾದರೆ ಸಾಲದು, ಎತ್ತೂ ಸಿದ್ಧವಾಗಬೇಕು. ಗಾಡಿಯ ಹಿಂಭಾಗವನ್ನು ತೊಟ್ಟಿಯ ಮಟ್ಟದ ದಿಣ್ಣೆಗೆ ಒತ್ತಿ ನಿಲ್ಲಿಸಿ, ನಾಲ್ಕೈದು ದಿನ ತೊಟ್ಟಿಯಲ್ಲಿಯೇ ಹಿಂಡಿ ಬೂಸಾ ಇಟ್ಟರೆ ಎತ್ತು ತಾನಾಗಿ ಏರುತ್ತದೆ. ಬಾಲ ತಿರುಚಿ, ಬಾರುಕೋಲಿನಿಂದ ತಿವಿದು ಏರಿಸಿದ ಎತ್ತು ದಾರಿಯುದ್ದಕ್ಕೂ ಬೆದರುತ್ತದೆ. ನಿಯಮದಲ್ಲಿ ಹೇಳಿರುವಂತೆ ಮುಖ ಇಂಜಿನ್ನಿನ ಕಡೆಗಿರಲಿ. ಮೂಗುದಾರವನ್ನು ಗಾಡಿಗೆ ಕಟ್ಟಬಾರದು. ಎತ್ತು ಮುಗ್ಗರಿಸಿದರೆ ಮೂಗೇ ಹರಿದೀತು. ಕೊರಳ ಹಗ್ಗವನ್ನು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ ಕಟ್ಟಬೇಕು. ಹೊರಡುವ ದಿನ ನೀರು ಕುಡಿಸಿ ಸ್ವಲ್ಪ ರಾಗಿ ಹುಲ್ಲು ಕೊಟ್ಟರೆ ಸಾಕು, ಹಿಂಡಿ ಬೇಡ.

ಹೊರಡುವ ಹೊತ್ತು

ತಣ್ಣಗಿರುತ್ತದೆಂದು ಕೋಳಿ ಕೂಗುವ ಮೊದಲೇ ಹೊರಡುವ ರೂಢಿ ಕೆಲವರಲ್ಲುಂಟು. ನಮ್ಮ ಕಾಡುದಾರಿಯಲ್ಲಿ ಇದು ಅಪಾಯ. ಚಳಿಗಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ಜವಳಗಿರಿ ಕಾಡಿಗೆ ಬಂದು, ಅಲ್ಲಿಂದ ತಳಿ, ಡೆಂಕಣಿಕೋಟೆ, ಹೊಸೂರಿನ ರಾಗಿ ಹೊಲಗಳಿಗೆ ಹೋಗುತ್ತದೆ. ಕತ್ತಲೆಯಲ್ಲಿ ಅವು ರಸ್ತೆ ದಾಟುವುದುಂಟು. ಹೊತ್ತು ಮೂಡಿದ ಮೇಲೆ, ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಂಡು ಹೊರಡಬೇಕು. ಆನೆ ಕಂಡರೆ ದೂರದಲ್ಲೇ ನಿಂತು, ಹಾರನ್ ಮಾಡದೆ, ಅದು ಹೋಗುವವರೆಗೆ ಕಾಯಬೇಕು.

ಹೊಸೂರು, ಅತ್ತಿಬೆಲೆ, ಸರ್ಜಾಪುರ, ಹೊಸಕೋಟೆ, ದೇವನಹಳ್ಳಿಯ ಮೇಲೆ ಹೋದರೆ ಬೆಂಗಳೂರಿನ ಸಂದಣಿ ತಪ್ಪುತ್ತದೆ. ವೇಗ ಗಂಟೆಗೆ ೪೦ ಕಿಲೋಮೀಟರು ಮೀರದಿರಲಿ. ತುಂಬಿದ ಚೊಂಬು ತುಳುಕದಂತೆ ಬ್ರೇಕು ಹಾಕಬಲ್ಲ ಚಾಲಕನನ್ನೇ ಆರಿಸಿರಿ. ಹೊರಟ ಅರ್ಧ ಗಂಟೆಗೆ ಒಮ್ಮೆ ನಿಂತು ಗಂಟು, ಚಾಪೆ, ಸರಪಳಿ ನೋಡಿ, ಆಮೇಲೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಬೇಕು.

ಜಾತ್ರೆಯ ಬಿಡಾರ

ದೊಡ್ಡ ಎತ್ತು ದಿನಕ್ಕೆ ಸುಮಾರು ಹತ್ತು ಕಿಲೋ ಒಣಮೇವು ತಿನ್ನುತ್ತದೆ; ಜೊತೆಗೆ ಹತ್ತು ದಿನಕ್ಕೆ ೨೦೦ ಕಿಲೋ ಆಯಿತು. ಅಷ್ಟನ್ನೂ ಒಯ್ಯಲಾಗದಿದ್ದರೆ, ಮೊದಲ ಮೂರು ನಾಲ್ಕು ದಿನಕ್ಕಾದರೂ ಮನೆಯ ಹುಲ್ಲು ಒಯ್ದು, ಅಲ್ಲಿ ಕೊಂಡದ್ದನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಮೇವು ಒಮ್ಮೆಗೇ ಬದಲಾದರೆ ಹೊಟ್ಟೆಯುಬ್ಬರ ಬರುತ್ತದೆ. ಚಳಿಯನ್ನು ಎತ್ತು ತಡೆಯಬಲ್ಲದು, ನೆನೆದ ನೆಲವನ್ನೂ ಬೀಸುಗಾಳಿಯನ್ನೂ ತಡೆಯಲಾರದು. ರಾತ್ರಿ ಹುಲ್ಲು ಧಾರಾಳವಾಗಿ ಹಾಕಿದರೆ, ಅದನ್ನು ಅರಗಿಸುವ ಕೆಲಸದಿಂದಲೇ ಮೈ ಬೆಚ್ಚಗಿರುತ್ತದೆ. ಕಾಯಿಲೆ ಬಿದ್ದರೆ ಎರಡು ರಾಜ್ಯಗಳಲ್ಲಿಯೂ ೧೯೬೨ ನಂಬರಿಗೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ಗಾಡಿಯವರು ಸಿಕ್ಕುತ್ತಾರೆ.

ಮನುಷ್ಯರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಚಳಿ ತಡೆಯಲಾರದೆ ಕೆಂಡದ ಬಾಣಲೆಯನ್ನು ಗಾಡಿಯ ಒಳಗೋ ಮುಚ್ಚಿದ ಟಾರ್ಪಾಲಿನ ಒಳಗೋ ಇಟ್ಟುಕೊಂಡು ಮಲಗಬಾರದು. ಇಂಜಿನ್ ಓಡಿಸುತ್ತ ಬಾಗಿಲು ಹಾಕಿ ಮಲಗಲೂಬಾರದು. ಕೆಂಡದಿಂದಲೂ ಇಂಜಿನ್ನಿನಿಂದಲೂ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೇ ಆಗದೆ ಪ್ರಾಣ ಹೋಗುತ್ತದೆ. ಕಂಬಳಿ ಎರಡು ಹೆಚ್ಚಿಗೆ ಒಯ್ಯಿರಿ. ಬೆಂಕಿ ಬಯಲಿನಲ್ಲಿಯೇ, ಹುಲ್ಲಿನಿಂದ ದೂರದಲ್ಲಿ, ಪಕ್ಕದಲ್ಲಿ ಒಂದು ಬಿಂದಿಗೆ ನೀರಿನೊಡನೆ ಇರಲಿ.

ಹಿಂದಿರುಗಿದ ಮೇಲೆ

ಹಲವು ಊರಿನ ದನ ಸೇರಿದ ಕಡೆಯಿಂದ ರೋಗವೂ ಗಾಡಿ ಏರಿ ಬರುತ್ತದೆ. ಹಾಸಿದ ಹುಲ್ಲನ್ನು ಸುಟ್ಟು, ಒಂದು ಲೀಟರು ನೀರಿಗೆ ೪೦ ಗ್ರಾಮಿನಂತೆ ಒಗೆಯುವ ಸೋಡ ಕರಗಿಸಿ ತೊಟ್ಟಿ, ಚಾಪೆ, ಟೈರುಗಳನ್ನು ತೊಳೆದು, ಸ್ವಲ್ಪ ಹೊತ್ತು ಬಿಟ್ಟು ಒಳ್ಳೆಯ ನೀರಿನಿಂದ ತೊಳೆಯಬೇಕು. ಕೊಂಡುತಂದ ಎತ್ತನ್ನೂ ಮಾರಾಟವಾಗದೆ ಹಿಂದೆ ಬಂದುದನ್ನೂ ಮೂರು ವಾರ ಬೇರೆ ಕಟ್ಟಿ, ಬೇರೆ ಬಾನಿಯಲ್ಲಿ ನೀರಿಡಬೇಕು.

ಹಲಗೆ, ಚಾಪೆ, ಗೋಣಿ, ಸರಪಳಿಗಳನ್ನು ಒಣಗಿಸಿ ಎತ್ತಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತವೆ. ಆದ್ದರಿಂದ ಅವನ್ನು ಊರಿನ ಹತ್ತು ಮನೆಯವರು ಹಣ ಕೂಡಿಸಿ ಒಮ್ಮೆ ಮಾಡಿಸಿಡುವುದು ಲೇಸು. ಈ ಸಾರಿ ಹೊರಡಬೇಕೆಂದಿರುವ ರೈತ ಬಾಂಧವರು ಮೊದಲು ಲಸಿಕೆಯ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಬೇಕೆಂದು ನಮ್ಮ ಬಿನ್ನಹ.